ಪರ-ವಿರೋಧ: ವಾಹನೋದ್ಯಮದ ಪ್ರೋತ್ಸಾಹಧನಕ್ಕೆ ಶೇ 50ರ ದೇಶೀಯ ಷರತ್ತು ಬೇಕೇ?

ಪರ

ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ವಾಹನೋದ್ಯಮಕ್ಕೆ ₹25,938 ಕೋಟಿಯ ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ (ಪಿಎಲ್‌ಐ) ಒಪ್ಪಿಗೆ ಕೊಟ್ಟಿತು. ಉತ್ಪನ್ನದ ಮೌಲ್ಯದಲ್ಲಿ ಕನಿಷ್ಠ ಶೇ 50ರಷ್ಟು ಈ ನೆಲದಲ್ಲೇ ಸೇರಿರಬೇಕು ಎಂಬುದು ಅದರ ಮುಖ್ಯ ಷರತ್ತು. ತೆರಿಗೆದಾರರ ಹಣ ಕೊಡುವಾಗ ಇಷ್ಟನ್ನಾದರೂ ಕೇಳದಿದ್ದರೆ, ಹೊರಗಿನಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿ ಇಲ್ಲಿ ಬೋಲ್ಟು ಬಿಗಿದು ಮಾರುವವರಿಗೂ ಅದೇ ಹಣ ಸಂದಾಯವಾದೀತು. 1983ರಲ್ಲಿ ಗುಡಗಾಂವ್‌ನಿಂದ ಹೊರಬಂದ ಮೊದಲ ಮಾರುತಿ ಕಾರುಗಳೂ ಬಹುಪಾಲು ಜಪಾನಿನ ಭಾಗಗಳ ಜೋಡಣೆಯೇ ಆಗಿದ್ದವು. ದೇಶೀಕರಣದ ಒತ್ತಡ ಇದ್ದುದರಿಂದ ಕಂಪನಿ ಸುತ್ತಮುತ್ತಲಿನ ಪೂರೈಕೆದಾರರನ್ನು ಕೈಹಿಡಿದು ಬೆಳೆಸಬೇಕಾಯಿತು. ಥಾಯ್ಲೆಂಡ್ 2000ದಲ್ಲಿ ಇಂತಹ ಕಡ್ಡಾಯವನ್ನು ಕೈಬಿಟ್ಟ ಮೇಲೆ ಪಿಕಪ್ ರಫ್ತಿನಲ್ಲಿ ಮುಂದೆ ಬಂತು ಎನ್ನುವವರು, ಅದಕ್ಕೂ ಮೊದಲು ಆ ದೇಶ 1970ರ ದಶಕದಿಂದ ಅದೇ ಕಡ್ಡಾಯದ ನೆರಳಿನಲ್ಲಿ ಬಿಡಿಭಾಗ ತಯಾರಕರ ಒಂದು ಪೀಳಿಗೆಯನ್ನೇ ಕಟ್ಟಿಕೊಂಡಿತ್ತೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಹೊರಗಿನ ಒಂದೇ ಅಂಗಡಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆಂಬುದೂ ಈಚೆಗೆ ಗೊತ್ತಾಗಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳಿಗೂ ಅವುಗಳ ಆಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿದಾಗ, ಅಂಗೈಯಲ್ಲಿ ಹಿಡಿಸುವ ಆ ತುಂಡುಗಳಿಲ್ಲದೆ ನಮ್ಮ ವಿದ್ಯುತ್ ಸ್ಕೂಟರುಗಳ ಮೋಟರು ತಯಾರಿಕೆಗೇ ಕುತ್ತು ಬಂತು.

ವಿರೋಧ

ಶೇ 50 ಎಂಬುದು ರೂಪಾಯಿಯ ಲೆಕ್ಕ. ಕಸುಬು ಎಲ್ಲಿ ಉಳಿಯಿತೆಂಬುದು ಅದರಲ್ಲಿ ಕಾಣಿಸದು. ಆಸನ, ಟೈರು, ತಗಡಿನ ಕೆಲಸದಿಂದ ಅರ್ಧ ಮೌಲ್ಯ ತುಂಬಿಸಿಕೊಂಡು ಮೋಟರಿನ ಕಂಟ್ರೋಲರ್‌ಗೆ ಬೇಕಾದ ಚಿಪ್ಪನ್ನು ಹೊರಗಿನಿಂದಲೇ ತರಿಸಲು ಷರತ್ತು ಅಡ್ಡಿಯಾಗುವುದಿಲ್ಲ. ಹಳೆಯ ಪೆಟ್ಟನ್ನೂ ನಾವು ಮರೆತಂತಿದೆ. 1997ರ ಡಿಸೆಂಬರ್‌ನ ನೀತಿಯಂತೆ ಭಾರತವು ಕಾರು ಕಂಪನಿಗಳಿಂದ ಮೂರನೆಯ ವರ್ಷಕ್ಕೆ ಶೇ 50, ಐದನೆಯ ವರ್ಷಕ್ಕೆ ಶೇ 70 ದೇಶೀಕರಣದ ಒಪ್ಪಂದ ಬರೆಸಿಕೊಂಡಿತ್ತು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ದೂರಿತ್ತ ಮೇಲೆ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಸಮಿತಿ ಅದನ್ನು ನಿಯಮಬಾಹಿರವೆಂದಿತು. ಈಗಿನ ಪಿಎಲ್‌ಐ ವಿರುದ್ಧವೂ ಚೀನಾ 2025ರ ಅಕ್ಟೋಬರ್‌ನಲ್ಲಿ ಅಲ್ಲಿಗೇ ದೂರು ಒಯ್ದಿದೆ.

ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯ ಉದಾಹರಣೆ ಬೇರೆ ದಾರಿ ತೋರಿಸುತ್ತದೆ. ಟೊಯೋಟಾ 2004ರಲ್ಲಿ ಆರಂಭಿಸಿದ ಇನ್ನೋವಾ–ಹೈಲಕ್ಸ್ ಯೋಜನೆಯಲ್ಲಿ ಡೀಸೆಲ್ ಎಂಜಿನ್ ಥಾಯ್ಲೆಂಡಿನ ಪಾಲಿಗೆ, ಪೆಟ್ರೋಲ್ ಎಂಜಿನ್ ಇಂಡೊನೇಷ್ಯಾದ ಪಾಲಿಗೆ, ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ಭಾರತದ ಪಾಲಿಗೆ ಬಂದವು. ಎಲ್ಲವನ್ನೂ ತಾನೇ ಮಾಡುತ್ತೇನೆಂಬ ಹಟವಿಲ್ಲದೆ ಒಂದನ್ನೇ ಚೆನ್ನಾಗಿ ಮಾಡಿದ್ದರಿಂದ ಬಿಡದಿಯ ಗೇರ್‌ಬಾಕ್ಸ್ ಹಡಗು ಹತ್ತಿತು.

ಇನ್ನು ಪೀಣ್ಯದ ಶೆಡ್ಡಿನಲ್ಲಿ ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಇಟ್ಟುಕೊಂಡು ಶಾಫ್ಟು ಕಡೆದುಕೊಡುವವರ ಮಾತು. ತುಂಡು ತುಂಡನ್ನೂ ಮೈಕ್ರೋಮೀಟರಿಗೆ ಹಿಡಿದು, ಎಣ್ಣೆ ಸವರಿ ಟ್ರೇಯಲ್ಲಿ ಜೋಡಿಸುವ ಅವರ ಮೇಲೆ ದೇಶೀಯ ಮೌಲ್ಯದ ಕಾಗದಪತ್ರದ ಹೊರೆಯೂ ದೊಡ್ಡ ಕಂಪನಿಯಿಂದ ಕೆಳಗಿಳಿಯುತ್ತದೆ. ಅವರು ಕಾಯುತ್ತಿರುವುದಾದರೋ ಹೊಸ ಗ್ರೈಂಡಿಂಗ್ ಯಂತ್ರಕ್ಕೆ ಕಡಿಮೆ ಬಡ್ಡಿಯ ಸಾಲಕ್ಕೆ, ಮತ್ತು ಕಾನೂನೇ ಹೇಳಿರುವ 45 ದಿನಗಳೊಳಗೆ ಬರಬೇಕಾದ ಬಿಲ್ಲಿನ ಹಣಕ್ಕೆ.