ವಾರಕ್ಕೊಂದು ತಾಸು ಗಲ್ಲಾ ಕಾಯಿರಿ, ನಿರುದ್ಯೋಗ ಓಡಿಸಿರಿ

ಕಲಬುರಗಿಯಲ್ಲಿ ನಿರುದ್ಯೋಗಿ ಆಗುವುದು ಬಹಳ ಕಷ್ಟ. ಸುಮ್ನೆ ಮನೆಯಲ್ಲಿ ಕೂತರೆ ಆಗುವುದಿಲ್ಲ. ಕೈಯಲ್ಲಿ ರೊಕ್ಕ ಇಲ್ಲದಿದ್ದರೂ ಸಾಲದು. ಅದಕ್ಕೂ ನಿಯಮ ಇದೆ, ಅರ್ಹತೆ ಇದೆ. ನಮ್ಮ ಓಣಿಯ ಹುಡುಗರು ಡಿಗ್ರಿ ಪಾಸಾಗಿದ್ದಾರೆ, ಈ ಅರ್ಹತೆಯಲ್ಲಿ ಮಾತ್ರ ಫೇಲ್.

ದೇಶದ ನಿರುದ್ಯೋಗ ಲೆಕ್ಕ ಹಾಕುವುದು ಪಿಎಲ್‌ಎಫ್‌ಎಸ್ ಅನ್ನುವ, ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ. 2017ರಿಂದ ನಡೆಯುತ್ತಿದೆ. ಅದರಲ್ಲಿ ಎರಡು ತಕ್ಕಡಿ ಇವೆ, ವಾರದ್ದೊಂದು, ವರ್ಷದ್ದೊಂದು. ವಾರದ ತಕ್ಕಡಿಯ ನಿಯಮ ಹೀಗಿದೆ: ಸಮೀಕ್ಷೆಯವರು ಬಂದ ದಿನದ ಹಿಂದಿನ ಏಳು ದಿನಗಳಲ್ಲಿ, ಯಾವುದಾದರೂ ಒಂದು ದಿನ, ಒಂದೇ ಒಂದು ತಾಸು ಕೆಲಸ ಮಾಡಿದ್ದರೂ ನೀವು ಉದ್ಯೋಗಸ್ಥರು. ವಾರಕ್ಕೆ 168 ತಾಸು. ಉಳಿದ 167 ತಾಸು ಏನು ಮಾಡಿದಿರಿ ಅನ್ನುವುದು ನಿಮ್ಮ ಮನೆ ವಿಷಯ. ವರ್ಷದ ತಕ್ಕಡಿ ಇನ್ನೂ ಧಾರಾಳ. ವರ್ಷವೆಲ್ಲ ಕೆಲಸ ಹುಡುಕಿ ಚಪ್ಪಲಿ ಸವೆದಿರಲಿ, ನಡುವೆ 30 ದಿನ ತೊಗರಿ ಕೊಯ್ಲಿಗೆ ಹೋಗಿದ್ದರೆ ಸಾಕು, ಪಟ್ಟಿಯಿಂದ ನಿಮ್ಮ ಹೆಸರು ಹೊರಗೆ. 2023-24ರಲ್ಲಿ ದೇಶದ ನಿರುದ್ಯೋಗ ಶೇ 3.2 ಅಂತ ಬಂತಲ್ಲ, ಅದು ಈ ಎರಡನೇ ತಕ್ಕಡಿಯ ತೂಕ.

ಇದು ದಿಲ್ಲಿಯವರೇ ಕೂತು ಹುಟ್ಟಿಸಿದ್ದಲ್ಲ, ಅದನ್ನೂ ಹೇಳಿಬಿಡಬೇಕು. ಒಂದು ತಾಸಿನ ನಿಯಮವನ್ನು 1982ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನದಲ್ಲಿ ಒಪ್ಪಿಕೊಂಡಿದ್ದಾರೆ. ಒಂದು ತಾಸಿನ ದುಡಿಮೆಯೂ ದೇಶದ ಉತ್ಪನ್ನಕ್ಕೆ ಸೇರುತ್ತದೆ, ಹಾಗಾದರೆ ದುಡಿದವನೂ ದುಡಿದವರ ಲೆಕ್ಕಕ್ಕೆ ಸೇರಬೇಕು ಅನ್ನುವುದು ಅವರ ವಾದ. ವಾದ ಸರಿಯಾಗಿಯೇ ಇದೆ. ಆ ಸಂಘಟನೆಯ ಊರಾದ ಜಿನೀವಾದಲ್ಲಿ ಕೂತು ಓದಿದರೆ ಇನ್ನೂ ಸರಿ ಕಾಣುತ್ತದೆ. ಅಲ್ಲಿ ಕೆಲಸ ಹೋದವನಿಗೆ ಭತ್ಯೆ ಬರುತ್ತದೆ, ನೆಮ್ಮದಿಯಾಗಿ ನಿರುದ್ಯೋಗಿ ಆಗಿರಬಹುದು. ನಮ್ಮ ಕಡೆ ಸುಮ್ಮನೆ ಕೂರಲು ಯಾರ ಮನೆಯಲ್ಲಿ ಬಿಡುತ್ತಾರೆ?

ಸಮೀಕ್ಷೆಯವರು ನಮ್ಮ ಓಣಿಗೆ ಬಂದರು ಅಂತ ಇಟ್ಟುಕೊಳ್ಳಿ. ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ಅಂಗಳಕ್ಕೆ ಶಹಾಬಾದ್ ಫರಸಿ. ಹುಡುಗ ಬಾಗಿಲಲ್ಲೇ ಸಿಕ್ಕ.

“ಹೋದ ವಾರ ಏನಾರ ಕೆಲ್ಸ ಮಾಡೀರೇನು?”

“ಇಲ್ರಿ ಸರ್. ಬಿಇ ಮುಗ್ಸಿ ವರ್ಷದ ಮ್ಯಾಲಾಯ್ತು. ಅರ್ಜಿ ಹಾಕ್ಲಾಕತ್ತೀನಿ.”

“ಈ ಅಂಗಡಿ?”

“ನಮ್ಮ ಕಾಕಾಂದ್ರಿ. ಅವ್ರು ಊಟಕ್ಕ ಹೋದಾಗ ಗಲ್ಲಾದ ಮ್ಯಾಲ ಕೂಡ್ತೀನಿ, ಅಷ್ಟೇ.”

“ಎಷ್ಟೊತ್ತು?”

“ಒಂದ್ ತಾಸ್ ಆಗ್ತದ್ರಿ. ಉಂಡು ಸ್ವಲ್ಪ ಅಡ್ಡಾಗ್ತಾರ.”

“ರೊಕ್ಕ ಕೊಡ್ತಾರೇನು?”

“ಬೈಗಳ ಕೊಡ್ತಾರ್ರಿ.”

ಮುಗಿಯಿತು. ಮನೆಯ ಉದ್ಯಮದಲ್ಲಿ ಸಂಬಳ ಇಲ್ಲದ ಸಹಾಯಕ. ನಾನು ಕಟ್ಟಿದ ಹೆಸರಲ್ಲ ಇದು, ಸಮೀಕ್ಷೆಯಲ್ಲೇ ಇರುವ ವರ್ಗ. ಕಾಕಾ ಮಧ್ಯಾಹ್ನ ಒಂದು ನಿದ್ದೆ ತೆಗೆದರು, ದೇಶದಲ್ಲಿ ಒಬ್ಬ ಎಂಜಿನಿಯರ್‌ಗೆ ಉದ್ಯೋಗ ಸಿಕ್ಕಿತು. ಅದೇ ಹುಡುಗ ಯುವನಿಧಿಯಲ್ಲಿ ‘ನನಗೆ ಕೆಲಸ ಇಲ್ಲ’ ಅಂತ ಘೋಷಣೆ ಕೊಟ್ಟು ತಿಂಗಳಿಗೆ 3,000 ರೂಪಾಯಿ ತೆಗೆದುಕೊಳ್ಳುತ್ತಿದ್ದಾನೆ. ಬೆಂಗಳೂರಿನ ಕಡತದಲ್ಲಿ ನಿರುದ್ಯೋಗಿ, ದಿಲ್ಲಿಯ ಕಡತದಲ್ಲಿ ಉದ್ಯೋಗಸ್ಥ. ಸೊಸೆ ತರುವ ಮಾತು ಬಂದಾಗ ಯಾವ ಕಡತ ತೋರಿಸಬೇಕು ಅಂತ ಅವನ ಅವ್ವ ಯೋಚಿಸುತ್ತಿದ್ದಾಳೆ.

ಮಹಡಿಯ ರೂಮಿನಲ್ಲಿ ಬಾಡಿಗೆಗೆ ಇರುವವನು ಪಿಎಸ್‌ಐ ಪರೀಕ್ಷೆಗೆ ಓದುತ್ತಾನೆ. “ಸದ್ಯ ಕೆಲ್ಸ ಬ್ಯಾಡ್ರಿ, ಓದ್ಲಾಕತ್ತೀನಿ” ಅಂದ. ಇವನು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಕಾರ್ಮಿಕ ಬಲದಿಂದಲೇ, ಅಂದರೆ ದುಡಿಯುವವರು ಮತ್ತು ಕೆಲಸ ಹುಡುಕುವವರ ಲೆಕ್ಕದಿಂದಲೇ ಹೊರಗೆ. ನಿರುದ್ಯೋಗದ ಭಾಗಾಕಾರದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಗಿತ್ತು, ನೆನಪಿದೆಯಲ್ಲ. ಅಕ್ರಮ ಹೊರಬಿತ್ತು, ಕಲಬುರಗಿಯ ಹೆಸರು ರಾಜ್ಯದ ತುಂಬ ಓಡಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಪುಸ್ತಕ ಹಿಡಿದು ಕೂತವರನ್ನು ನಿರುದ್ಯೋಗಿ ಅಂತ ಕರೆದೀರಿ ಹುಷಾರು. ವಿದ್ಯಾರ್ಥಿಗಳು ಅವರು. ಕಾಪಿ ಹೊಡೆಸಿದವರಿಗೆ ಮಾತ್ರ ಆ ಹೊತ್ತಿನಲ್ಲಿ ಕೈತುಂಬ ಕೆಲಸ ಇತ್ತು.

ನಿರುದ್ಯೋಗಿ ಆಗಿರಬೇಕಾದರೆ ಮನೆಯಲ್ಲಿ ಬೇರೆ ಯಾರಾದರೂ ದುಡಿದು ಹಾಕಬೇಕು. ಗಾರೆ ಕೆಲಸದವನು ಒಂದು ವಾರ ಕೈಕಟ್ಟಿ ಕೂತರೆ ಒಲೆ ಹೊತ್ತುವುದಿಲ್ಲ. ಸಿಕ್ಕಿದ್ದನ್ನು ಮಾಡುತ್ತಾನೆ, ಲೆಕ್ಕದಲ್ಲಿ ಉದ್ಯೋಗಸ್ಥನಾಗುತ್ತಾನೆ. ಅದಕ್ಕೇ ಈ ಸಮೀಕ್ಷೆಯಲ್ಲಿ ವರ್ಷ ವರ್ಷವೂ ಓದದವರಿಗಿಂತ ಪದವೀಧರರಲ್ಲಿ ನಿರುದ್ಯೋಗ ಜಾಸ್ತಿ. ತಲಾ ಆದಾಯದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸಾಲಿನಲ್ಲಿದೆ. ಇಷ್ಟೆಲ್ಲ ಜನ ದುಡಿಯುತ್ತಲೇ ಇದ್ದಾರೆ, ರೊಕ್ಕ ಎಲ್ಲಿ ಹೋಯಿತು ಅಂತ ಕೇಳುವ ಕಾಲಂ ಆ ಫಾರಂನಲ್ಲಿ ಇಲ್ಲ.

ಇನ್ನು ಹುಡುಗನ ಅವ್ವ. ಒಲೆ ಮುಂದೆ ಕೂತು ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಾಳೆ. ಒಂದು ರೊಟ್ಟಿ ಹಂಚಿನ ಮೇಲೆ, ಒಂದು ಕೈಯಲ್ಲಿ. “ಅವ್ವಾರೆ, ನೀವೇನ್ ಕೆಲ್ಸ ಮಾಡ್ತೀರಿ?” ಅಂದರೆ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: “ನಾ ಏನ್ ಕೆಲ್ಸ ಮಾಡ್ತೀನ್ರಿ ಯಪ್ಪಾ, ಮನ್ಯಾಗೇ ಇರ್ತೀನಿ.” ಸಮೀಕ್ಷೆಯವನು ಬರೆದುಕೊಂಡ: ಮನೆಗೆಲಸ ಮಾತ್ರ. ಆಕೆಯೂ ಕಾರ್ಮಿಕ ಬಲದಿಂದ ಹೊರಗೆ.

ಇದೇ ಸರ್ಕಾರ 2024ರಲ್ಲಿ ಸಮಯ ಬಳಕೆ ಸಮೀಕ್ಷೆಯನ್ನೂ ಮಾಡಿಸಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಅಂತ ಬಂತು. ಆ 88 ನಿಮಿಷದ ಗಂಡಸು ಯಾವ ಓಣಿಯಲ್ಲಿ ಇದ್ದಾನೋ, ಒಮ್ಮೆ ನೋಡಿಕೊಂಡು ಬರುವ ಆಸೆ ನನಗೆ. ಇರಲಿ. ಹೆಂಗಸಿನ 289 ನಿಮಿಷ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರಿಗೆ ಮಾಡಿ ಬಡಿಸಿದ ಅಡಿಗೆಗೆ ಅಲ್ಲಿ ಜಾಗ ಇಲ್ಲ. ಅದೇ ರೊಟ್ಟಿಯನ್ನು ಖಾನಾವಳಿಗೆ ಕೊಟ್ಟರೆ ಬಂತು. ‘ಕಲಬುರಗಿ ರೊಟ್ಟಿ’ ಅಂತ ಬ್ರಾಂಡ್ ಹಚ್ಚಿ ಮಾರಿದರೆ ಇನ್ನೂ ಜಂಬದಿಂದ ಬಂತು. ಹಿಟ್ಟು ಅದೇ, ಹಂಚು ಅದೇ, ಕೈ ಸುಟ್ಟುಕೊಂಡವಳೂ ಅವಳೇ.

ಆದ್ದರಿಂದ ನನ್ನದೊಂದು ಯೋಜನೆ. ಈ ಮನೆಯವಳು ಎದುರು ಮನೆಗೆ ದಿನಾ ಹತ್ತು ರೊಟ್ಟಿ ಮಾರಲಿ, ಎದುರು ಮನೆಯವಳು ಈ ಮನೆಗೆ ಹತ್ತು ರೊಟ್ಟಿ ಮಾರಲಿ. ಫೋನ್‌ಪೇಯಲ್ಲಿ ನೂರು ಹೋಯಿತು, ನೂರು ಬಂತು. ಒಂದೊಂದು ಮನೆಯವರು ತಿಂದದ್ದು ಹತ್ತೇ ರೊಟ್ಟಿ. ಆದರೆ ಇಬ್ಬರು ಹೆಂಗಸರಿಗೆ ಉದ್ಯೋಗ, ಓಣಿಗೆ ಆಹಾರೋದ್ಯಮ, ಜಿಲ್ಲೆಗೆ ಬೆಳವಣಿಗೆ. ಸಬ್ಸಿಡಿಯೂ ಬೇಡ.

ಕುಳ್ಳಿನ ಕಥೆ ಇನ್ನೂ ಚೆಂದ. ದೇಶದ ಲೆಕ್ಕದಲ್ಲಿ ಪಶುಸಂಗೋಪನೆಯ ಉತ್ಪನ್ನಕ್ಕೆ ಹಾಲಿನ ಜೊತೆ ಸಗಣಿಯ ಬೆಲೆಯನ್ನೂ ಸೇರಿಸುತ್ತಾರೆ, ಗೊಬ್ಬರ ಆದರೂ ಸರಿ, ಉರುವಲು ಆದರೂ ಸರಿ. ಅದನ್ನು ಬಾಚಿ, ಗೋಡೆಗೆ ತಟ್ಟಿ, ಒಣಗಿಸಿ, ಮಳೆಗೆ ಮೊದಲು ಒಟ್ಟಿ ಇಟ್ಟವಳು ‘ಮನೆಗೆಲಸ’ದ ಕಾಲಂನಲ್ಲಿ ಇದ್ದಾಳೆ. ಸಗಣಿ ಅರ್ಥವ್ಯವಸ್ಥೆಯ ಒಳಗೆ, ಸಗಣಿ ಬಾಚಿದವಳು ಹೊರಗೆ.

ಹಣದುಬ್ಬರದ ವಿಷಯದಲ್ಲಿ ನಮ್ಮ ಜಿಲ್ಲೆ ದೇಶಕ್ಕೆ ಮಾಡಿದ ಸೇವೆಯನ್ನು ಯಾರೂ ನೆನೆಯುವುದಿಲ್ಲ, ಅದು ನನ್ನ ಸಂಕಟ. ನಾವು ತೊಗರಿ ಕಣಜದವರು. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. 2022ರ ಹಂಗಾಮಿನಲ್ಲಿ ನೆಟೆ ರೋಗವೂ ಬಂತು. ಹೊಲಕ್ಕೆ ಹೊಲವೇ ಒಣಗಿತು. ಮರುವರ್ಷ ಗಂಜ್ ಮಾರುಕಟ್ಟೆಯಲ್ಲಿ ಕ್ವಿಂಟಲ್ ತೊಗರಿ 10,000 ರೂಪಾಯಿ ದಾಟಿದಾಗ ರೈತನ ಮನೆಯಲ್ಲಿ ಮಾರಲು ಚೀಲವೇ ಇರಲಿಲ್ಲ. ಬೇಳೆ ತುಟ್ಟಿ ಅಂತ ದಿಲ್ಲಿ ಗಾಬರಿಯಾಯಿತು. ದಾಸ್ತಾನಿಗೆ ಮಿತಿ ಹಾಕಿದರು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಸುಂಕ ಇಲ್ಲದೆ ತೊಗರಿ ಇಳಿಯುತ್ತಲೇ ಇತ್ತು.

ಆಮೇಲೆ ನಮ್ಮಲ್ಲೂ ಬೆಳೆ ಬಂತು. ಬೆಳೆ ಬಂದ ಕೂಡಲೇ ರೇಟು ಹೋಯಿತು. 2024-25ಕ್ಕೆ ಬೆಂಬಲ ಬೆಲೆ 7,550, ಬಜಾರ ಅದಕ್ಕೂ ಕೆಳಗೆ. ರಾಜ್ಯದವರು 450 ಸೇರಿಸಿ ಖರೀದಿ ಕೇಂದ್ರದಲ್ಲಿ 8,000 ಮಾಡಿದರು. ಖರೀದಿ ಕೇಂದ್ರದ ಪಾಳಿಗೆ ಕಾಯಲಾಗದ ಆಳಂದ ಕಡೆಯ ರೈತ ಗಂಜ್‌ಗೆ ಬಂದ. ಖರೀದಿದಾರ ಚೀಲದೊಳಗೆ ಕೈ ತೂರಿಸಿ ನಾಲ್ಕು ಕಾಳು ತೆಗೆದ. ಒಂದನ್ನು ಹಲ್ಲಿಗೆ ಹಾಕಿ ಕಟ್ ಅನ್ನಿಸಿದ. “ಹಸಿ ಅದ” ಅಂದ. ಕಾಳು ಖಡಕ್ಕಾಗಿಯೇ ಇತ್ತು, ಸಪ್ಪಳ ನಮಗೂ ಕೇಳಿತ್ತು. “ಒಯ್ತೀರೇನು, ಇಲ್ಲೇ ಹಾಕ್ತೀರೇನು?” ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವನು ವಾಪಸ್ ಒಯ್ಯುತ್ತಾನೆಯೇ?

2025ರ ಅಕ್ಟೋಬರ್‌ನಲ್ಲಿ ದೇಶದ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. 2012ರ ಬೆಲೆಯನ್ನು ಆಧಾರ ಮಾಡಿಕೊಂಡ ಸರಣಿಯಲ್ಲೇ ಅತಿ ಕಡಿಮೆ. ಇಳಿಸಿದವುಗಳಲ್ಲಿ ಬೇಳೆಕಾಳೂ ಇದ್ದವು. ಟಿವಿಯಲ್ಲಿ ತಜ್ಞರು ಯಾರ್ಯಾರಿಗೋ ಶಹಬ್ಬಾಸ್ ಅಂದರು. ಆಳಂದದವನ ಹೆಸರು ಬರಲಿಲ್ಲ. ಬರುವುದಾದರೂ ಹೇಗೆ? ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದ ಕಣ್ಣಿಗೆ ಅವನು ಬೇಳೆ ತಿನ್ನುವವನಾಗಿ ಮಾತ್ರ ಕಾಣುತ್ತಾನೆ.

ಆ ಸೂಚ್ಯಂಕದ ಬುಟ್ಟಿಯಾದರೂ ಎಂಥದ್ದು ಅಂತೀರಿ. 2011-12ರಲ್ಲಿ ಜನ ಏನು ಕೊಂಡರು ಅಂತ ನೋಡಿ ಕಟ್ಟಿದ್ದು, 2026ರ ಶುರುವಿನವರೆಗೂ ಅದೇ ನಡೆಯಿತು. ಅದರಲ್ಲಿ ಕುದುರೆಗಾಡಿಯ ಬಾಡಿಗೆ ಇತ್ತು, ಡಿವಿಡಿ ಪ್ಲೇಯರ್ ಇತ್ತು. ಹಳ್ಳಿಯ ಮನೆ ಬಾಡಿಗೆ ಮಾತ್ರ ಇರಲಿಲ್ಲ. ಹಳ್ಳಿಯಲ್ಲಿ ಯಾರೂ ಬಾಡಿಗೆಗೆ ಇರುವುದಿಲ್ಲ, ಡಿವಿಡಿ ನೋಡುತ್ತಾ ಟಾಂಗಾದಲ್ಲಿ ತಿರುಗುತ್ತಾರೆ, ಅಲ್ವಾ?

ಹಣದುಬ್ಬರ ಇಳಿಯಿತು ಅಂದರೆ ರೇಟು ಇಳಿಯಿತು ಅಂತ ತಿಳಿದು ಸುಸಲಾ-ಮಿರ್ಚಿ ಬಂಡಿಗೆ ಹೋಗಿ ಜಗಳ ತೆಗೆಯಬೇಡಿ. ಪ್ಲೇಟು 30 ಇದ್ದದ್ದು 40 ಆಗಿ 40ರಲ್ಲೇ ನಿಂತರೆ ಹಣದುಬ್ಬರ ಸೊನ್ನೆ. ಹೋದ ಹತ್ತು ರೂಪಾಯಿ ಹೋಯಿತು. ಬಂಡಿಯವನು ಅರ್ಥಶಾಸ್ತ್ರ ಓದಿಲ್ಲ, ಆದರೂ ಇದನ್ನು ನಮಗಿಂತ ಚೆನ್ನಾಗಿ ಬಲ್ಲ.

ಇಷ್ಟಾದ ಮೇಲೂ ಜಿಲ್ಲೆಯ ಉತ್ಪನ್ನ ಏರಬೇಕಲ್ಲ? ಅದಕ್ಕೆ ರಸ್ತೆ ಇದೆ. ನಮ್ಮ ಓಣಿಯ ಮುಂದಿನ ರಸ್ತೆಗೆ ಡಾಂಬರ್ ಹಾಕಿದರು, ಅದು ಉತ್ಪನ್ನ. ನೀರಿನ ಪೈಪಿಗೆ ಅಗೆದರು, ಅದೂ ಉತ್ಪನ್ನ. ಒಳಚರಂಡಿಗೆ ಅಗೆದರು, ಕೇಬಲ್‌ಗೆ ಅಗೆದರು, ಮುಚ್ಚಲು ಮತ್ತೆ ಟೆಂಡರ್ ಕರೆದರು, ಎಲ್ಲವೂ ಉತ್ಪನ್ನ. ಹಾಳಾದ ಡಾಂಬರನ್ನು ಜಿಡಿಪಿಯಲ್ಲಿ ಯಾರೂ ಕಳೆಯುವುದಿಲ್ಲ. ‘ಒಟ್ಟು’ ಉತ್ಪನ್ನ ನೋಡಿ, ಕೂಡಿಸುವುದಷ್ಟೇ. ದೇಶದ ಆದಾಯದ ಅಂಕಿ ನೋಡಿ ಜನರ ಕ್ಷೇಮ ಹೇಳಲು ಬರುವುದಿಲ್ಲ ಅಂತ, ಆ ಲೆಕ್ಕ ಕಟ್ಟಿಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸಂಸತ್ತಿಗೆ ಬರೆದುಕೊಟ್ಟಿದ್ದರು. ಪಾಪ, ಅವರಿಗೆ ಮಾರ್ಚ್ 31ರೊಳಗೆ ಬಿಲ್ ಪಾಸ್ ಮಾಡಿಸುವ ಗುತ್ತಿಗೆದಾರರ ಪರಿಚಯ ಇರಲಿಲ್ಲ.

ಮೊನ್ನೆ ಆ ಗುಂಡಿಗೆ ಓಣಿಯ ಆಟೋ ಅಣ್ಣ ಗಾಡಿ ಸಮೇತ ಬಿದ್ದ. ಎಕ್ಸ್‌ರೇ, ಪ್ಲಾಸ್ಟರ್, ಮಾತ್ರೆ, ಆಟೋದ ಗ್ಯಾರೇಜ್ ಖರ್ಚು ಎಲ್ಲ ಸೇರಿ ಜಿಡಿಪಿಗೆ ಒಳ್ಳೆಯ ಕಾಣಿಕೆಯೇ ಆಯಿತು. ವಾರಗಟ್ಟಲೆ ಹಾಸಿಗೆಯಲ್ಲಿದ್ದಾನೆ, ಒಂದು ತಾಸಿನ ದುಡಿಮೆಯೂ ಇಲ್ಲ. ಈತನಾದರೂ ನಿರುದ್ಯೋಗಿ ಆದನೇ ಅಂತ ನಿಯಮ ತೆಗೆದು ನೋಡಿದೆ. ಆಗಿಲ್ಲ. ಸ್ವಂತ ಕೆಲಸ ಇದ್ದು, ಕಾಯಿಲೆಯಿಂದ ಮಾಡಲಾಗದೆ ಮಲಗಿದವರಿಗೂ ಒಂದು ಕೋಡ್ ನಂಬರ್ ಇದೆ. ಅವರೂ ಉದ್ಯೋಗಸ್ಥರೇ.