ಕಾಡುಮರ ಉಳಿಸಿದವನಿಗೇ ಯಾಕೆ ಕಷ್ಟ?

ಕೊಡಗಿನಲ್ಲಿ ತೋಟದೊಳಗೆ ಕಾಡುಮರ ಬೆಳೆಸಿದವನಿಗೆ ಕಷ್ಟ. ಸಿಲ್ವರ್ ಓಕ್ ನೆಟ್ಟವನಿಗೆ ಲಾಭ. ನಮ್ಮಲ್ಲಿ ಹಕ್ಕಿ, ಜೇನು, ಮರ, ಬಳ್ಳಿ ಎಲ್ಲ ಕಡಿಮೆ ಆಗುತ್ತಿರುವುದಕ್ಕೆ ಬೇಕಾದಷ್ಟು ಕಾರಣ ಹೇಳಬಹುದು. ನನ್ನ ಪ್ರಕಾರ ಮೊದಲು ಮಾತಾಡಬೇಕಾದ್ದು ಇದನ್ನೇ.

ವನ್ಯಜೀವಿ ಅಂದ ಕೂಡಲೇ ನಾವು ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅನ್ನುತ್ತೇವೆ. ಆ ಕಾಡುಗಳು ಇರಲೇಬೇಕು. ಆದರೆ ಅವುಗಳ ನಡುವೆ ಇರುವುದೆಲ್ಲ ನಮ್ಮ ಕಾಫಿ ತೋಟ, ಬಾಣೆ (ಗದ್ದೆಗೆ ಸೇರಿದ ಮರಗಾಡು ಜಾಗ), ಗದ್ದೆ. ಹಿಂದಿನವರು ಬಹಳ ಕಡೆ ಕಾಡನ್ನು ಪೂರ್ತಿ ಬೋಳಿಸದೆ, ಮೇಲಿನ ಮರ ಬಿಟ್ಟು ಕೆಳಗೆ ಕಾಫಿ ಹಾಕಿದರು. ಬಳಂಜಿ, ನಂದಿ, ಹೊನ್ನೆ, ಮತ್ತಿ, ಬೀಟೆ, ಹಲಸು, ಅತ್ತಿ, ಗೋಣಿ, ನೇರಳೆ ಹೀಗೇ ಉಳಿದವು. ಹಾಗಾಗಿ ಮಂಗಟ್ಟೆ ಹಕ್ಕಿಗೂ ಕೆಂದಳಿಲಿಗೂ ನಮ್ಮ ತೋಟ ಅರ್ಧ ಕಾಡೇ ಆಗಿತ್ತು.

ಈಗ ರಸ್ತೆ ಬದಿಯ ತೋಟಗಳನ್ನು ನೋಡಿ. ನೆಟ್ಟಗೆ, ಸಾಲಾಗಿ ಸಿಲ್ವರ್ ಓಕ್. ಅದಕ್ಕೆ ಕರಿಮೆಣಸಿನ ಬಳ್ಳಿ. ಆಸ್ಟ್ರೇಲಿಯಾದಿಂದ ಬಂದ ಮರ ಅದು. ಬೇಗ ಬೆಳೆಯುತ್ತದೆ, ಬಳ್ಳಿ ಚೆನ್ನಾಗಿ ಹಿಡಿಯುತ್ತದೆ, ಬೇಕೆಂದಾಗ ಮಾರಬಹುದು. ಆದರೆ ಅದರಲ್ಲಿ ಬಿಡುವುದು ಒಣಕಾಯಿ. ಹಕ್ಕಿ ತಿನ್ನುವಂಥ ಹಣ್ಣು ಒಂದೂ ಇಲ್ಲ. ಮಂಗಟ್ಟೆಗೆ ಅತ್ತಿ, ಬಸರಿ, ಗೋಣಿ ಹಣ್ಣು ಬೇಕು. ಮರಿ ಮಾಡಲು ಹಳೇ ಮರದ ಪೊಟರೆ ಬೇಕು. ಅದು ಮರಕುಟಿಗದ ಹಾಗೆ ತಾನೇ ಪೊಟರೆ ಕೊರೆಯುವುದಿಲ್ಲ. ಹೆಣ್ಣು ಹಕ್ಕಿ ಇದ್ದ ಪೊಟರೆಯೊಳಗೆ ಸೇರಿ, ಸಣ್ಣ ಸಂದು ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ತಂದು ಉಣಿಸುತ್ತದೆ. ನಾವು 'ಟೊಳ್ಳು ಮರ, ಬಿದ್ದರೆ ಕಾಫಿ ಹಾಳು' ಅಂತ ಕಡಿಯುವುದು ಸರಿಯಾಗಿ ಅಂಥ ಮರವನ್ನೇ. ಮಂಗಟ್ಟೆ ಹೋದರೆ ಕಾಡಿನ ಬೀಜ ದೂರ ಒಯ್ದು ಬಿತ್ತುವವರೂ ಹೋದರು ಅಂತಲೇ ಲೆಕ್ಕ.

ಸಿಲ್ವರ್ ಓಕ್ ಹಾಕಿದವರನ್ನು ನಾನು ಬೈಯುತ್ತಿಲ್ಲ. ಅವರಿಗೆ ಬೇರೆ ದಾರಿ ಇದೆಯಾ ಹೇಳಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ಅನುಮತಿ ಬೇಕು, ಆದರೆ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಅದರ ಮೇಲೆ ಕೊಡಗಿನದ್ದೇ ಆದ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದ ಜಾಗ), ಅನ್‌ರಿಡೀಮ್ಡ್ (ಹಾಗೆ ಕಟ್ಟದ ಜಾಗ) ತಕರಾರು. ಅನ್‌ರಿಡೀಮ್ಡ್ ಜಾಗವಾದರೆ ಕಾಡುಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಬೇಕು. ಮೂರು ತಲೆಮಾರು ಕಾದು ನೋಡಿಕೊಂಡ ನಂದಿ ಮರ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಆಗುವುದಿಲ್ಲ ಅಂದರೆ ಯಾರು ಅದರ ಸಸಿ ಉಳಿಸುತ್ತಾರೆ? ಕಳೆ ತೆಗೆಯುವಾಗ ತಾನಾಗಿ ಹುಟ್ಟಿದ ಕಾಡುಸಸಿ ಕತ್ತಿಗೆ ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಮರ ಕಾಯಲು ಮಾಡಿದ ನಿಯಮವೇ ಸಸಿ ಹುಟ್ಟದ ಹಾಗೆ ಮಾಡುತ್ತಿದೆ.

ಇದರಿಂದ ನಷ್ಟ ಹಕ್ಕಿಗೆ ಮಾತ್ರ ಅಲ್ಲ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಇಡೀ ತೋಟ ಬೆಳ್ಳಗಾಗುತ್ತದಲ್ವಾ, ಆ ಕೆಲವೇ ದಿನ ಹೆಜ್ಜೇನು, ತುಡುವೆ ಜೇನು ಬರಬೇಕು. ಕಾಫಿ ಹೂವು ಉದುರಿದ ಮೇಲೆ ಅವು ಏನು ತಿನ್ನಬೇಕು? ಒಂದರ ನಂತರ ಒಂದು ಹೂ ಬಿಡುವ ಕಾಡುಮರಗಳು ಬೇಕು. ಹೆಜ್ಜೇನು ಗೂಡು ಕಟ್ಟಲು ಎತ್ತರದ ದೊಡ್ಡ ಕೊಂಬೆ ಬೇಕು. 1990ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ಬಹುಪಾಲು ತುಡುವೆ ಜೇನು ಪೆಟ್ಟಿಗೆಗಳು ಖಾಲಿಯಾದವು. ಅಂಥ ಪೆಟ್ಟು ತಿಂದ ಜೇನಿಗೆ ಈಗ ಮರವನ್ನೂ ಇಲ್ಲವಾಗಿಸಿ, ಔಷಧಿ ಜಾಸ್ತಿ ಹೊಡೆದು, ಆಮೇಲೆ ಫಸಲು ಕಮ್ಮಿ ಅಂದರೆ ಹೇಗೆ? ಅರೇಬಿಕಾ ಕಾಫಿಯಲ್ಲಂತೂ ನೆರಳು ಕಮ್ಮಿಯಾದಷ್ಟೂ ಕಾಂಡಕೊರಕದ ಕಾಟ ಹೆಚ್ಚು.

ಗದ್ದೆಯ ಕಥೆಯೂ ಬೇರೆ ಅಲ್ಲ. ಭತ್ತ ಲಾಭ ಇಲ್ಲ, ಆಳು ಸಿಗುವುದಿಲ್ಲ, ಆನೆ ಬಿಡುವುದಿಲ್ಲ. ಹಾಗಾಗಿ ಪಾಳು ಬಿಡುತ್ತಾರೆ, ಇಲ್ಲವೇ ಶುಂಠಿಗೆ ಗುತ್ತಿಗೆ ಕೊಡುತ್ತಾರೆ. ಕಪ್ಪೆ, ಏಡಿ, ಗದ್ದೆ ಮೀನು ಅಲ್ಲಿಗೆ ಮುಗಿಯಿತು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಏಡಿ ಸಾರಿಲ್ಲದ ಮನೆ ಹಿಂದೆ ಇತ್ತಾ? ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪು ಮಾತ್ರ ಈಗಲೂ ಬೇಕೇ ಬೇಕು. ತೋಡಿನ ಬದಿಯ ನೆರಳಲ್ಲಿ ಸುಮ್ನೆ ಬೆಳೆಯುತ್ತಿದ್ದ ಗಿಡವನ್ನು ಈಗ ಎಷ್ಟೋ ಜನ ಸಂತೆಯಲ್ಲಿ ಕಟ್ಟು ಲೆಕ್ಕದಲ್ಲಿ ಕೊಳ್ಳುತ್ತಾರೆ.

ನದಿಯಲ್ಲೂ ಅಷ್ಟೇ. ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆ ಅಂತ 2018ರಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ತನ್ನ ಪಟ್ಟಿಗೆ ಸೇರಿಸಿತು. ಅಣೆಕಟ್ಟು, ಮರಳು ತೆಗೆತ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಎಲ್ಲ ಸೇರಿ ಈ ಗತಿ. ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರನ್ನು ಒಳ್ಳೆಯದಾಗಲಿ ಅಂತಲೇ ಹೊಳೆಗೆ ಬಿಟ್ಟರು. ಇದರ ಜಾಗವನ್ನು ಅದು ಹಿಡಿಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ದೇವರಕಾಡಿನ ವಿಷಯದಲ್ಲಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ ಒಟ್ಟು 15,500 ಎಕರೆಯಷ್ಟಿತ್ತು. 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿಯಿತು. ಹುಲಿ ತಿಂದಿದ್ದಲ್ಲ, ಆನೆ ತುಳಿದದ್ದಲ್ಲ. ಬೇಲಿಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಒಳಗೆ ತಳ್ಳಿದವರು ಮನುಷ್ಯರೇ. ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ ಒಪ್ಪಿಸಿ ಕೈಮುಗಿಯುವ ಕಾಡಿನ ಅಂಚಿನಲ್ಲೂ ಇದೇ ಆಗಿದೆ. ಈಗ ದುಡ್ಡು ಸೇರಿದರೆ ಕಾಂಕ್ರೀಟ್ ಗುಡಿ, ಇಂಟರ್‌ಲಾಕ್, ಪಾರ್ಕಿಂಗ್. ಗುಡಿ ದೊಡ್ಡದಾಗುತ್ತದೆ, ಕಾಡು ಸಣ್ಣದಾಗುತ್ತದೆ. ನಮ್ಮ ಹಿರಿಯರಿಗೆ ದೇವರು ಇದ್ದದ್ದು ಮರದ ನಡುವೆ ಅಲ್ವಾ?

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಾನೂನು. ತೋಟದವರು ಹೊಸದಾಗಿ ನೆಟ್ಟು, ದಾಖಲೆ ಮಾಡಿಸಿದ ಕಾಡುಮರದ ಮೇಲೆ ಅವರಿಗೇ ಪೂರ್ತಿ ಹಕ್ಕು ಕೊಡಿ. 'ಹಕ್ಕು ಕೊಟ್ಟರೆ ಎಲ್ಲ ಕಡಿದು ಮಾರುತ್ತಾರೆ' ಅನ್ನುವವರ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೇ ಹೊಸ ಮರ ಅಂದೆ. ಹಳೇ ಮರ ನಿಂತಿರುವಷ್ಟು ದಿನ ಅದಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಡಿ. ಭತ್ತ ಬೆಳೆಯುವ ಗದ್ದೆಗೂ ಅದೇ ರೀತಿ. ನಮ್ಮ ಗದ್ದೆಯಲ್ಲಿ ಇಂಗಿದ ನೀರು ಕಾವೇರಿಗೆ ಹೋಗುತ್ತದೆ, ಬೆಂಗಳೂರಿನವರು ಅದನ್ನು ಕುಡಿಯುತ್ತಾರೆ. ಕೇಳುವುದರಲ್ಲಿ ಸಂಕೋಚ ಯಾಕೆ? ಆಮೇಲೆ ಪ್ರತಿ ದೇವರಕಾಡಿನ ಗಡಿ ಅಳೆದು ಕಲ್ಲು ನೆಡಿ. ಒತ್ತುವರಿ ಮಾಡಿದವರು ನಮ್ಮ ಸಂಬಂಧಿಕರೇ ಆಗಿದ್ದರೂ ಊರೊಕ್ಕಲಿನವರು ಬಾಯಿ ಬಿಡಬೇಕು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಮಳೆ ಹಿಡಿದ ಮೇಲೆ ಕಳೆ ತೆಗೆಸುವಾಗ ಕೆಲಸದವರ ಜೊತೆ ಒಂದು ಸುತ್ತು ಹೋಗಿ, ತಾನಾಗಿ ಹುಟ್ಟಿದ ಕಾಡುಸಸಿಗಳಿಗೆ ಕೋಲು ಕಟ್ಟಿ ಗುರುತು ಮಾಡಿಸಿ. ತೋಡಿನ ಬದಿಗೆ ಕಳೆನಾಶಕ ಹೊಡೆಸಬೇಡಿ. ಅತ್ತಿ, ಗೋಣಿ, ಬಸರಿ ಮರಗಳನ್ನು ಮುಟ್ಟಲೇಬೇಡಿ. ನರ್ಸರಿಗೆ ಹೋದಾಗ ಸಿಲ್ವರ್ ಓಕ್ ಜೊತೆಗೆ ಬಳಂಜಿ, ನಂದಿ, ಹೊನ್ನೆ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಮುಂದಿನ ವರ್ಷಕ್ಕೆ ಬೇಕು ಅಂತ ಈಗಲೇ ಹೇಳಿಟ್ಟು ಬನ್ನಿ.