ಕಳ್ಳನಿಗೆ ಹೆಲ್ಮೆಟ್ ಇಲ್ಲ, ದಂಡ ನಮಗೆ

ಕಳುವಾದ ಬೈಕಿನ ಮಾಲೀಕನಿಗೇ ಹೆಲ್ಮೆಟ್ ಹಾಕಿಲ್ಲ ಅಂತ ನೋಟಿಸ್ ಬರುವ ಸುದ್ದಿ ನೀವೂ ಓದಿರ್ತೀರಿ. ಆ ಭಾಗ್ಯ ಈಗ ದಾವಣಗೆರೆಯ ನಮ್ಮ ಬೀದಿಗೂ ಬಂದಿದೆ. ಪಕ್ಕದ ಮನೆ ಹುಡುಗನ ಬೈಕ್ ಮಂಡಿಪೇಟೆಯಲ್ಲಿ ಮಾಯವಾಯ್ತು. ದೂರು ಕೊಟ್ಟ. ಬೈಕ್ ಸಿಗಲಿಲ್ಲ, ಫೋಟೋ ಸಿಕ್ತು. ಎಂಥ ಫೋಟೋ ಅಂತೀರಿ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆನ್ನೆಯಲ್ಲಿ ಎಲೆಅಡಿಕೆಯ ಉಬ್ಬು. ಕಳ್ಳ ಕೆಂಪು ದೀಪಕ್ಕೆ ಮರ್ಯಾದೆ ಕೊಟ್ಟು ಗೆರೆಯ ಹಿಂದೇ ನಿಂತಿದ್ದಾನೆ. ತಲೆ ಮಾತ್ರ ಬೋಳು. ಕೆಳಗೆ, ದಂಡ 500 ರೂಪಾಯಿ.

ಹುಡುಗ ಫೋಟೋ ಹಿಡಿದು ಠಾಣೆಗೆ ಓಡಿದ.

"ಸಾರ್, ಕಳ್ಳ ಇವನೇ. ಮುಖ ಎಷ್ಟು ಕ್ಲಿಯರ್ ಇದೆ ನೋಡಿ."

"ಪ್ಲೇಟೂ ಕ್ಲಿಯರ್ ಇದೆಯಲ್ಲ ತಮ್ಮಾ. ಮೊದಲು ದಂಡ ಕಟ್ಟು. ಕಳ್ಳತನ ಬೇರೆಯವರು ನೋಡ್ತಾರೆ."

ಫೋಟೋ ತೆಗೆದ ಸಿಗ್ನಲ್ಲಿನ ಕ್ಯಾಮೆರಾ ಯಂತ್ರವನ್ನು ಬೈಯೋ ಹಾಗಿಲ್ಲ. ಅದರ ಕಣ್ಣು ಸಾಮಾನ್ಯದ್ದಲ್ಲ. ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲುತ್ತೆ. ನಂಬರ್ ಪ್ಲೇಟಿನ ಹೊಳಪು ಆ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತೆ. ಕತ್ತಲಲ್ಲೂ ಕೆಎ 17 ಎದ್ದು ಕಾಣುತ್ತೆ. ಕಂಪ್ಯೂಟರ್ ಒಂದೊಂದೇ ಅಕ್ಷರ ಬಿಡಿಸಿ ಓದುತ್ತೆ. ಕಳುವಾದ ಗಾಡಿಗಳ ಪಟ್ಟಿ ಕೊಟ್ಟಿದ್ದರೆ, 'ಇದೇ ಗಾಡಿ, ಹಿಡೀರಿ' ಅಂತ ಆ ಕ್ಷಣವೇ ಕೂಗೋದೂ ಇಂಥ ಯಂತ್ರಕ್ಕೆ ಗೊತ್ತು. ಪಟ್ಟಿ ಕೊಡೋಕೆ ಮನುಷ್ಯ ಬೇಕು. ಅವನಿಗೆ ಇನ್ನೂ ಸೆನ್ಸರ್ ಕೂರಿಸಿಲ್ಲ.

ನೋಟಿಸಿನ ಚುರುಕುತನ ಮಾತ್ರ ಮೆಚ್ಚಬೇಕು. 2021ರಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಕ್ಯಾಮೆರಾ ಕಡ್ಡಾಯ ಅಂತ ಹೆಸರಿಸಿದ 132 ಊರುಗಳಲ್ಲಿ ನಮ್ಮದೂ ಒಂದು. ಗಾಳಿ ಕೆಟ್ಟ ಊರುಗಳ ರಾಷ್ಟ್ರೀಯ ಪಟ್ಟಿಯಲ್ಲೂ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಾವಿದ್ದೇವೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20ರಲ್ಲೂ ಇದ್ವಿ. ಪಟ್ಟಿ ಅಂದ್ರೆ ದಾವಣಗೆರೆ ಹಿಂದೆ ಬಿದ್ದದ್ದೇ ಇಲ್ಲ. ಕಳುವಾದ ಗಾಡಿ ಹುಡುಕೋಕೆ 15 ದಿನ ಅಂತ ಯಾರೂ ಬರೆದಿಲ್ಲ ನೋಡಿ, ಅದೊಂದೇ ಕೊರತೆ.

ಸೆನ್ಸರ್ ಅಂದ ಕೂಡಲೇ ನೆನಪಾಯ್ತು. ಕಚೇರಿಯೊಂದರಲ್ಲಿ ಕರೆಂಟ್ ಉಳಿಸೋಕೆ ಸೆನ್ಸರ್ ದೀಪ ಹಾಕಿಸಿದ್ದಾರೆ. ಅದು ಮೈಬಿಸಿ ಅತ್ತಿತ್ತ ಸರಿದರೆ ಮಾತ್ರ ಮನುಷ್ಯ ಇದ್ದಾನೆ ಅಂತ ನಂಬುತ್ತೆ. ಕದಲದೆ ಕೂತವನು ಅದರ ಲೆಕ್ಕದಲ್ಲಿ ಗೋಡೆ. ಹಾಕಿಸುವಾಗ ಯಾರಿಗೂ ಇದು ಹೊಳೆಯಲಿಲ್ಲ. ಹನ್ನೊಂದು ಗಂಟೆಗೆ ಸಾಹೇಬರು ಕೂತರು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಯಂತ್ರ ಸುಳ್ಳು ಹೇಳಲ್ಲ ಅಲ್ವಾ, ಒಳಗೆ ಕೆಲಸ ಮಾಡುವವರು ಯಾರೂ ಇಲ್ಲ ಅಂತ ಅದು ವರದಿ ಕೊಟ್ಟಿತ್ತು. ಹೊರಗೆ ಪಹಣಿ ತಿದ್ದುಪಡಿಗೆ ಬಂದವರ ಬೆಂಚೂ ಕತ್ತಲು. ಜಗಳೂರಿನ ಕಡೆಯ ಅಜ್ಜ ಒಬ್ಬರು ಉಪಾಯ ಕಂಡುಹಿಡಿದರು. ಆಗಾಗ ಎದ್ದು ಟವೆಲ್ ಬೀಸೋದು. ಉಳಿದವರೂ ಕೈ ಬೀಸತೊಡಗಿದರು. ಊಟಕ್ಕೆ ಹೊರಟ ಸಾಹೇಬರು ಬಾಗಿಲು ತೆಗೆದರೆ ಸಾಲಾಗಿ ಜನ ಕೈ ಬೀಸ್ತಿದ್ದಾರೆ! ಖುಷಿಯಾಗಿ ನಮಸ್ಕಾರ ಮಾಡಿ ಹೋದರಂತೆ. ಅಜ್ಜನ ಪಹಣಿ ಇನ್ನೂ ಆಗಿಲ್ಲ.

ಇನ್ನು ತಮಾಷೆ ಬರ್ತಿಲ್ಲ. ಬೆಳಗಿನ ಜಾವ ಸೊಪ್ಪು ಮಾರೋಕೆ ಹೊರಟ ಹೆಂಗಸಿಗೆ ಟಿಪ್ಪರ್ ಗುದ್ದಿ ಹೋಗುತ್ತೆ. ಸಿಗ್ನಲ್ಲಿನ ಕಂಬದಲ್ಲಿ ನಾಲ್ಕು ಕ್ಯಾಮೆರಾ. ಕೇಳಿದರೆ ಒಂದು ರಿಪೇರಿ, ಒಂದು ಬೇರೆ ದಿಕ್ಕು, ಉಳಿದವು 'ಸರ್ವರ್ ಪ್ರಾಬ್ಲಂ'. ನೀವೇ ಅಕ್ಕಪಕ್ಕದ ಅಂಗಡಿಯಲ್ಲಿ ವಿಚಾರಿಸಿ ಅಂತಾರೆ. ಮಗ ಆಸ್ಪತ್ರೆಯಲ್ಲಿ ಅವ್ವನ ಹತ್ತಿರ ಕೂರಬೇಕೋ, ಬೇಕರಿ ಬೇಕರಿ ಸುತ್ತಿ ವೀಡಿಯೋ ಭಿಕ್ಷೆ ಬೇಡಬೇಕೋ? ಅದೇ ಕಂಬ ನನ್ನ ಸೀಟ್ ಬೆಲ್ಟ್ ನೋಡುತ್ತೆ. ನನ್ನ ಹೆಂಡತಿಯ ಸ್ಕೂಟಿಯ ನಂಬರ್ ಓದುತ್ತೆ. ನಮ್ಮನ್ನೆಲ್ಲ ದಿನಪೂರ್ತಿ ಹಿಂಬಾಲಿಸೋಕೆ ಸರ್ವರ್ ಸರಿ ಇರುತ್ತೆ. ನಮಗೆ ಬೇಕಾದಾಗ ಮಾತ್ರ ಕೆಡುತ್ತೆ.

ಕೊನೆಗೆ ಒಂದು ಬೇಕರಿಯವನು ಪಾಪ, ಕಂಪ್ಯೂಟರ್ ತೆಗೆದು ತೋರಿಸಿದ. ಅವನ ಕ್ಯಾಮೆರಾ ಗಲ್ಲಾ ಕಡೆ ತಿರುಗಿತ್ತು. ಅವನ ಅಂಗಡಿ, ಅವನ ದುಡ್ಡು, ಸರಿ. ನಮ್ಮ ದುಡ್ಡಲ್ಲಿ ನಿಲ್ಲಿಸಿದ ಕಂಬದ್ದು ಯಾವ ಕಡೆ ತಿರುಗಿದೆ ಸ್ವಾಮಿ?